ಎಲ್ಲಾ ಮೆಟ್ಟಿಲನ್ನೂ ಅಳಿಸಬೇಡಿ

ಪಿಕ್ಸೆಲ್ ಚಿತ್ರ ಬಿಡಿಸೋಕೆ ಹೊಸದಾಗಿ ಕೂತವರಿಗೆಲ್ಲ ಒಂದು ಕಿರಿಕಿರಿ ಇದ್ದೇ ಇರುತ್ತೆ. ದುಂಡಗೆ ಬರಬೇಕಾದ ಗೆರೆ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತೆ. ಆಗ ಯಾರಾದ್ರೂ ‘ಆಂಟಿ-ಏಲಿಯಾಸಿಂಗ್ ಮಾಡಿ’ ಅಂತಾರೆ. ಅಂದ್ರೆ, ಗೆರೆಯ ಬಣ್ಣಕ್ಕೂ ಪಕ್ಕದ ಬಣ್ಣಕ್ಕೂ ನಡುವಿನ ಒಂದು ಬಣ್ಣವನ್ನು ಮೆಟ್ಟಿಲಿನ ಮೂಲೆಯಲ್ಲಿಟ್ಟು ಒರಟುತನ ಕಡಿಮೆ ಮಾಡೋದು. ಉಪಾಯ ಒಳ್ಳೆಯದೇ. ಆದರೆ ಗೆರೆಯುದ್ದಕ್ಕೂ ಅದನ್ನೇ ಬಳಿದು, ಚಿತ್ರ ಮಸುಕಾಗಿ, ‘ನನಗಿದು ಬರಲ್ಲ ಬಿಡಿ’ ಅಂತ ಕೈಬಿಟ್ಟವರನ್ನು ನಾನು ನೋಡಿದ್ದೀನಿ. ಈ ಸಲದ ಅಂಕಣ ಅಂಥವರಿಗಾಗಿ.

ಮೊದಲ ಮಾತು: ಮೆಟ್ಟಿಲು ತಪ್ಪಲ್ಲ. ಧಾರವಾಡದ ಕಸೂತಿಯಲ್ಲಿ ಎಳೆ ಎಣಿಸಿ ಹಾಕುವ ಮುರ್ಗಿ ಹೊಲಿಗೆ ಮೆಟ್ಟಿಲಾಗಿಯೇ ಸಾಗುತ್ತೆ, ಅದೇ ಅದರ ಚೆಂದ. 1984ರ ಮ್ಯಾಕಿಂಟಾಷ್‌ಗೆ ಸೂಸನ್ ಕೇರ್ ಬಿಡಿಸಿದ ಐಕಾನ್‌ಗಳು 32 × 32 ಚೌಕದವು, ಬರೀ ಕಪ್ಪು ಬಿಳುಪು. ನಡುಬಣ್ಣಕ್ಕೆ ಜಾಗವೇ ಇರಲಿಲ್ಲ. ಆದರೂ ಅದರಲ್ಲಿನ ನಗುವ ಪುಟ್ಟ ಕಂಪ್ಯೂಟರನ್ನು ಕಂಡವರು ಮರೆತಿಲ್ಲ.

ಹಾಗಾಗಿ ಮೊದಲು ಗೆರೆ ಸರಿಮಾಡಿ. ಒಂದು ಮಾವಿನಹಣ್ಣು ಬಿಡಿಸ್ತಿದ್ದೀರಿ ಅಂದ್ಕೊಳ್ಳಿ. ಮೇಲಿಂದ ಬಾಗಿ ಇಳಿಯುವ ಗೆರೆಯ ಒಂದೊಂದು ಮೆಟ್ಟಿಲಲ್ಲೂ ಎಷ್ಟು ಚೌಕ ಇದೆ ಅಂತ ಎಣಿಸಿ. 6, 4, 2, 1, 1 ಅಂತ ಕ್ರಮವಾಗಿ ಇಳಿದ್ರೆ ಬಾಗು ನಯವಾಗಿರುತ್ತೆ. 6, 2, 4, 1 ಅಂತಿದ್ರೆ ಅಲ್ಲೊಂದು ಗಂಟು ಕಾಣುತ್ತೆ. ಆ ಗಂಟನ್ನು ನಡುಬಣ್ಣದಿಂದ ಮುಚ್ಚೋಕೆ ಹೋಗಬೇಡಿ, ಚೌಕಗಳನ್ನೇ ಸರಿಸಿ. ಅರ್ಧ ಕೆಲಸ ಇಲ್ಲೇ ಮುಗಿಯುತ್ತೆ.

ಆಮೇಲೂ ಒರಟು ಅನ್ನಿಸಿದ್ರೆ ಉದ್ದ ಮೆಟ್ಟಿಲುಗಳನ್ನಷ್ಟೇ ನೋಡಿ. ಗೆರೆ ಕಡುಕಂದು, ಹಣ್ಣು ಹಳದಿ ಆಗಿದ್ರೆ ನಡುಬಣ್ಣ ತಿಳಿಗಂದು, ಬೂದು ಬೇಡ. 6 ಚೌಕದ ಮೆಟ್ಟಿಲು ಮುಗಿಯುವಲ್ಲಿ, ಅದರ ಕೆಳಗೆ, ಮುಂದಿನ ಮೆಟ್ಟಿಲಿಗೆ ತಾಗಿದಂತೆ ಎರಡು ಚೌಕ ತಿಳಿಗಂದು ಇಡಿ. 4ರ ಕೆಳಗೆ ಒಂದು ಸಾಕು. 2 ಮತ್ತು 1ರ ಮೆಟ್ಟಿಲುಗಳನ್ನು ಹಾಗೇ ಬಿಡಿ. ನೇರ ಗೆರೆಗೂ, ಒಂದೊಂದೇ ಚೌಕವಾಗಿ ಓರೆಯಾಗಿ ಇಳಿಯುವ ಗೆರೆಗೂ ಇದು ಬೇಕಾಗಲ್ಲ. ಹಾಕಿದ್ರೆ ಗೆರೆ ದಪ್ಪಗಾಗುತ್ತೆ ಅಷ್ಟೇ.

ಹಣ್ಣಿನ ಹೊರಗಡೆ ಮಾತ್ರ ಹುಷಾರು. ಬಿಳಿ ಹಿನ್ನೆಲೆಗೆ ಹೊಂದಿಸಿದ ತಿಳಿ ಚೌಕಗಳು ಕಪ್ಪು ಹಿನ್ನೆಲೆಯ ಮೇಲೆ ಸುಣ್ಣ ಬಳಿದ ಅಂಚಿನ ಹಾಗೆ ಎದ್ದು ಕಾಣ್ತವೆ. ಚಿತ್ರ ಯಾವ ಬಣ್ಣದ ಮೇಲೆ ಕೂರುತ್ತೋ ಗೊತ್ತಿಲ್ಲದಿದ್ರೆ ಹೊರ ಅಂಚನ್ನು ಮುಟ್ಟಬೇಡಿ.

ಮುಖ ಬಿಡಿಸುವಾಗ ಇನ್ನೂ ಜಿಪುಣರಾಗಿ. 16 × 16ರ ಚಿತ್ರದಲ್ಲಿ ಇರೋದೇ 256 ಚೌಕ, ಒಂದು ಕಣ್ಣಿಗೆ ಸಿಗೋದು ಒಂದೋ ಎರಡೋ. ಅದರ ಸುತ್ತ ನಡುಬಣ್ಣ ಬಂದ್ರೆ ನಗುವ ಮಗು ನಿದ್ದೆಗಣ್ಣಿನ ಮಗು ಆಗುತ್ತೆ.

ದೊಡ್ಡದು ಮಾಡಿಕೊಂಡು ಬಿಡಿಸಿದ್ರೂ, ನೋಡೋದನ್ನು ಮಾತ್ರ ನಿಜವಾದ ಅಳತೆಯಲ್ಲೇ ನೋಡಿ. ಇಟ್ಟ ಒಂದೊಂದು ನಡುಬಣ್ಣದ ಚೌಕವನ್ನೂ ಒಮ್ಮೆ ತೆಗೆದು ನೋಡಿ. ಇಲ್ಲದೆಯೂ ನಡೆಯುತ್ತೆ ಅನ್ನಿಸಿದ್ರೆ ತೆಗೆದೇಬಿಡಿ. ಉಳಿಸುವಾಗ ಪಿಎನ್‌ಜಿ ಆಗಿ ಉಳಿಸಿ, ಜೆಪೆಗ್ ಅಂಚುಗಳನ್ನು ಕಲಸಿಬಿಡುತ್ತೆ.

ಈ ವಾರ ಮೂರೇ ಬಣ್ಣದಲ್ಲಿ ಒಂದು ಮಾವಿನಹಣ್ಣು ಬಿಡಿಸಿ: ಗೆರೆಗೊಂದು, ಹಣ್ಣಿಗೊಂದು, ನಡುವಿಗೊಂದು. ನಡುವಿನದು ಎಷ್ಟು ಕಡಿಮೆ ಖರ್ಚಾಯ್ತು ಅಂತ ಎಣಿಸೋದು ಮರೀಬೇಡಿ.