ಹಿಡಿತಕ್ಕೂ ಒಂದು ಮಿತಿಯಿರಲಿ

2022ರ ಜುಲೈನಲ್ಲಿ ಕಡಲೂರು ಜಿಲ್ಲೆಯ ಪಣ್ರುಟ್ಟಿಯ ಬಳಿ ನಡೆದ ಕಬಡ್ಡಿ ಪಂದ್ಯವೊಂದರಲ್ಲಿ, ಎದುರಾಳಿಗಳ ಹಿಡಿತದಿಂದ ಬಿಡಿಸಿಕೊಳ್ಳಲು ಹೆಣಗಿದ ತರುಣ ದಾಳಿಗಾರನೊಬ್ಬ ಕುಸಿದು ಅಸುನೀಗಿದ. ತಮಿಳರ ಸಡುಗುಡು ನಮ್ಮ ಕಬಡ್ಡಿಯೇ. ತಮಿಳ್ ತಲೈವಾಸ್, ಬೆಂಗಳೂರು ಬುಲ್ಸ್ ಸೆಣಸಿದಾಗ ಚೆನ್ನೈ ಕನ್ನಡಿಗರ ಮನಸ್ಸು ಎರಡು ಪಾಲಾಗುವುದೂ ಉಂಟು. ಆದುದರಿಂದ ಈ ಸಾವು ನಮಗೆ ಪರರ ದುಃಖವಲ್ಲ.

ನಿಯಮಗಳಿಗೇನೂ ಕೊರತೆಯಿಲ್ಲ. ದಾಳಿಗಾರನ ಬಾಯಿ ಮುಚ್ಚಿ ಉಸಿರು ಕಟ್ಟಿಸುವುದು, ಕಾಲುಗಳನ್ನು ಕತ್ತರಿಯಂತೆ ಹೆಣೆದು ಹಿಡಿಯುವುದು ನಿಷಿದ್ಧ. ತಪ್ಪಿದವರಿಗೆ ಹಸಿರು, ಹಳದಿ, ಕೆಂಪು ಕಾರ್ಡುಗಳಿವೆ. ಆದರೆ ನಿಯಮ ಮೀರದ ಹಿಡಿತದಲ್ಲಿಯೂ ಹಲವರ ಭಾರ ಒಬ್ಬನ ಮೇಲೆ ಬೀಳುತ್ತದೆ. ದೊಡ್ಡ ಪಂದ್ಯಾವಳಿಗಳಲ್ಲಿ ಮ್ಯಾಟ್ ಇರುತ್ತದೆ, ವೈದ್ಯರಿರುತ್ತಾರೆ. ಊರ ಪಂದ್ಯಗಳಲ್ಲಿ ಅನೇಕ ವೇಳೆ ಇರುವುದು ಗಟ್ಟಿ ನೆಲ ಮತ್ತು ಪ್ರೇಕ್ಷಕರ ಕೂಗು ಮಾತ್ರ. “ಆಟವೆಂದ ಮೇಲೆ ಪೆಟ್ಟು ಸಹಜ” ಎಂಬ ಮಾತು ಸಂಘಟಕರ ಹೊಣೆಯನ್ನು ಕಳೆಯಲಾರದು.

ರಾಜ್ಯೋತ್ಸವಕ್ಕೆ ಪಂದ್ಯ ಏರ್ಪಡಿಸುವ ಹೊರನಾಡ ಸಂಘಗಳಿಗೂ ಈ ಮಾತು ಸಲ್ಲುತ್ತದೆ. ಪಾರಿತೋಷಕಕ್ಕೆ ಹಣ ಕೂಡಿಸುವ ಮೊದಲು ಮೆತ್ತನೆಯ ಅಂಕಣ, ನಿಷ್ಠುರನಾದ ಅಂಪೈರ್, ಅಂಕಣದ ಬದಿಯಲ್ಲಿ ವೈದ್ಯ, ಬಾಗಿಲಲ್ಲಿ ಆಂಬುಲೆನ್ಸ್ — ಇಷ್ಟನ್ನು ಖಚಿತಪಡಿಸಿಕೊಳ್ಳೋಣ. ಬಿದ್ದವನ ಕುತ್ತಿಗೆಗೆ ಪೆಟ್ಟಾದ ಶಂಕೆಯಿದ್ದರೆ ಅವನನ್ನು ಎಳೆದಾಡಬಾರದೆಂಬ ತಿಳಿವೂ ನಮಗಿರಲಿ. ಸೋತವನು ಮುಂದಿನ ವರ್ಷ ಗೆದ್ದಾನು. ಅದಕ್ಕಾಗಿ ಅವನು ಇಂದು ಕ್ಷೇಮವಾಗಿ ಮನೆ ಸೇರಬೇಕು.

— ಸಂಪಾದಕ