ನಾಲ್ಕು ತಾಸುಗಳು, ಒಂದೇ ಪಾಠ

ಕಳೆದ ಜೂನ್ ತಿಂಗಳಿನ ಮಾತು. ಶಾಲೆ ಆರಂಭವಾಗಿ ಎರಡು ವಾರವಾಗಿತ್ತು. ಪಾಲಕರೊಬ್ಬರು ಬಂದು, "ಸರ, ಹುಡುಗನ ದಾಖಲಾ ಕೊಡಸ್ರಿ, ಇಂಗ್ಲೀಷ್ ಸಾಲಿಗೆ ಹಾಕತೀನಿ" ಎಂದರು. ಹುಡುಗ ಎಂಟನೆಯ ಇಯತ್ತೆಯವನು. ಇಂಗ್ಲೀಷಿನಲ್ಲೂ ಗಣಿತದಲ್ಲೂ ಗುಣಗಳು ಕಡಿಮೆ. "ಕನ್ನಡ ಕಲ್ತು ಸೊಲ್ಲಾಪುರದಾಗ ಯಾವ ನೌಕರಿ ಸಿಗತೈತ್ರಿ?" ಎಂಬ ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ, ಚಿಂತೆಯಿತ್ತು.

ನಾನು ಕನ್ನಡದ ಹಿರಿಮೆಯ ಬಗ್ಗೆ ಹೇಳತೊಡಗಿದೆ. ಅವರು ತಾಳ್ಮೆಯಿಂದ ಕೇಳಿ, "ಎಲ್ಲಾ ಖರೆ. ನಿಮ್ಮ ಮಗನ್ನ ಯಾವ ಸಾಲಿಗೆ ಹಾಕೀರಿ ಸರ?" ಎಂದರು. ನಾನು ತಲೆ ತಗ್ಗಿಸಿದೆ. ನನ್ನ ಹಿರಿಯ ಮಗ ಇಂಗ್ಲೀಷ್ ಮಾಧ್ಯಮದಲ್ಲಿ ಕಲಿತವನು. ಅವನ ಅಜ್ಜಿ ಬರೆದ ಕನ್ನಡ ಪತ್ರವನ್ನು ಇಂದಿಗೂ ನಾನೇ ಅವನಿಗೆ ಓದಿ ಹೇಳಬೇಕು. ಕಿರಿಯ ಮಗಳು ಮಾತ್ರ ಕನ್ನಡ ಶಾಲೆಯಲ್ಲಿದ್ದಾಳೆ. ಆದ್ದರಿಂದ ಈ ಲೇಖನವನ್ನು ಉಪದೇಶವೆಂದು ತಿಳಿಯಬೇಡಿರಿ. ತಪ್ಪಿ ನಡೆದವನ ಅನುಭವವೆಂದು ಓದಿರಿ.

ಅಂದು ಆ ಹುಡುಗನನ್ನು ಕರೆದು ಗಣಿತದ ಒಂದು ಉದಾಹರಣೆ ಕೊಟ್ಟೆ: 480 ರೂಪಾಯಿಗೆ ಕೊಂಡ ಚಾದರವನ್ನು ಶೇಕಡಾ 25 ಲಾಭಕ್ಕೆ ಮಾರಿದರೆ ಮಾರಿದ ಬೆಲೆ ಎಷ್ಟು? ಅವನು 480ನ್ನು 25ರಿಂದ ಭಾಗಿಸತೊಡಗಿದ. ಪುಸ್ತಕ ಮುಚ್ಚಿ ಮನೆಯ ಮಾತಿನಲ್ಲಿ ಕೇಳಿದೆ: "ನಿಮ್ಮಪ್ಪ ನಾಲ್ಕುನೂರಾ ಎಂಬತ್ತಕ್ಕ ಒಂದು ಚಾದರ ತಂದಾನ. ನೂರಕ್ಕ ಇಪ್ಪತ್ತೈದು ಲಾಭ ಇಟ್ಟು ಮಾರಿದ್ರ ಎಷ್ಟ ಬರತದ?" ಹುಡುಗ ಬೆರಳು ಮಡಚಲಿಲ್ಲ. "ಆರನೂರು" ಎಂದ!

ಅವನಿಗೆ ಗಣಿತ ಬರುತ್ತಿತ್ತು. ಬಾರದಿದ್ದುದು ಓದಿದ ವಾಕ್ಯದ ಅರ್ಥ. ಕನ್ನಡದ ವಾಕ್ಯವನ್ನೇ ಬಿಡಿಸಲಾರದ ಮಗುವಿಗೆ ಅದೇ ಲೆಕ್ಕವನ್ನು ಇಂಗ್ಲೀಷಿನಲ್ಲಿ ಕೊಟ್ಟರೆ ತೊಡಕು ಒಂದಿದ್ದುದು ಎರಡಾಗುತ್ತದೆ. ಇದರಲ್ಲಿ ಶಿಕ್ಷಕರಾದ ನಮ್ಮ ಪಾಲೂ ಇದೆ. ನಾವು ಪ್ರಶ್ನೋತ್ತರ ಬರೆಸುತ್ತೇವೆ, ಮಕ್ಕಳು ಬಾಯಿಪಾಠ ಮಾಡುತ್ತಾರೆ. ಅರ್ಥವಾಯಿತೇ ಎಂದು ಕೇಳಲು ತಾಸು ಸಾಲುವುದಿಲ್ಲ.

ಈ ಮಾತು ನನಗೆ ಮೊದಲು ತಿಳಿದದ್ದು ಶೀಘ್ರಲಿಪಿಯ ವರ್ಗದಲ್ಲಿ. ಹತ್ತನೆಯ ಇಯತ್ತೆ ಮುಗಿಸಿ ಸೊಲ್ಲಾಪುರದಲ್ಲಿ ಟೈಪಿಂಗ್ ಮತ್ತು ಶೀಘ್ರಲಿಪಿ ಕಲಿಯಲು ಹೋಗುತ್ತಿದ್ದೆ. ಐಸಾಕ್ ಪಿಟ್‌ಮನ್ 1837ರಲ್ಲಿ ಪ್ರಕಟಿಸಿದ ಆ ಪದ್ಧತಿಯಲ್ಲಿ ಕಾಗುಣಿತಕ್ಕೆ ಬೆಲೆಯಿಲ್ಲ, ಧ್ವನಿಗೆ ಬೆಲೆ. 'ಪ'ಕ್ಕೆ ತೆಳು ಗೆರೆ, 'ಬ'ಕ್ಕೆ ಅದೇ ಗೆರೆ ದಪ್ಪ. ಕ-ಗ, ಚ-ಜಗಳಿಗೂ ಹಾಗೆಯೇ. ನಮ್ಮ ಪಾಟಿಯ ಮೇಲೆ ತಿದ್ದಿದ ವರ್ಗೀಯ ವ್ಯಂಜನಗಳ ಕ್ರಮವೇ ಅಲ್ಲಿ ಕಂಡು ನನಗೆ ಬಹಳ ಸಂತೋಷವಾಯಿತು. ಕೈ ಬೇಗನೆ ಓಡತೊಡಗಿತು. ಆದರೆ ಬರೆದುದನ್ನು ತಿರುಗಿ ಓದಲು ಹೇಳಿದಾಗ ಬಾಯಿ ಕಟ್ಟಿತು. ವೇಗವಾಗಿ ಬರೆಯುವಾಗ ಸ್ವರಗಳ ಚಿಹ್ನೆಗಳನ್ನು ಬಿಟ್ಟುಬಿಡುತ್ತಾರೆ. ಓದುವವನು ಅರ್ಥದ ಬಲದಿಂದ ಅವುಗಳನ್ನು ತುಂಬಿಕೊಳ್ಳಬೇಕು. ನನಗೆ ಇಂಗ್ಲೀಷಿನ ವಾಕ್ಯವೇ ತಿಳಿದಿರಲಿಲ್ಲ. ನನ್ನ ಕೈಬರಹವೇ ನನಗೆ ಪರಕೀಯವಾಯಿತು.

ಇಂಗ್ಲೀಷ್ ಬೇಡವೆಂದು ನಾನು ಹೇಳುತ್ತಿಲ್ಲ. ಇಂಗ್ಲೀಷ್ ಬೇಕು, ಮರಾಠಿ ಅದಕ್ಕಿಂತ ಮೊದಲು ಬೇಕು. ನಾವು ಮಹಾರಾಷ್ಟ್ರದಲ್ಲಿ ಬಾಳುವವರು. ಕಚೇರಿ, ಪೇಟೆ, ದವಾಖಾನೆ ಎಲ್ಲವೂ ಮರಾಠಿಯಲ್ಲಿಯೇ ನಡೆಯುತ್ತವೆ. ಆದರೆ ಒಂದು ಭಾಷೆ ಗಟ್ಟಿಯಾದರೆ ಮತ್ತೊಂದಕ್ಕೆ ಅದು ಮೆಟ್ಟಿಲಾಗುತ್ತದೆ. ಸಂಖ್ಯೆಗಳನ್ನೇ ನೋಡಿರಿ. ಮರಾಠಿಯಲ್ಲಿ 21ಕ್ಕೆ 'ಏಕವೀಸ', ಅಂದರೆ ಬಿಡಿ ಮೊದಲು, ಹತ್ತು ಆಮೇಲೆ. 2019ರಲ್ಲಿ ಬಾಲಭಾರತಿಯು ಎರಡನೆಯ ಇಯತ್ತೆಯ ಗಣಿತ ಪುಸ್ತಕದಲ್ಲಿ 'ವೀಸ ಏಕ' ಎಂಬ ರೀತಿಯನ್ನು ತಂದಾಗ ರಾಜ್ಯದಲ್ಲೆಲ್ಲ ದೊಡ್ಡ ಚರ್ಚೆಯಾಯಿತು. ನಮ್ಮ 'ಇಪ್ಪತ್ತೊಂದು' ಮೊದಲಿನಿಂದಲೂ ಹತ್ತನ್ನು ಮುಂದಿಟ್ಟು ಬಿಡಿಯನ್ನು ಹಿಂದಿಡುತ್ತದೆ. ಇಂಗ್ಲೀಷಿನ 'ಟ್ವೆಂಟಿ ಒನ್' ಕೂಡ ಹಾಗೆಯೇ. ಮನೆಯಲ್ಲಿ ಇಪ್ಪತ್ತೊಂದು, ಪೇಟೆಯಲ್ಲಿ ಏಕವೀಸ ಎನ್ನುವ ಅಕ್ಕಲಕೋಟೆಯ ಮಗು ಎರಡು ದಾರಿಗಳನ್ನು ಬಲ್ಲ ಮಗು. ಅದನ್ನು ನಾವು ಹೊರೆಯೆಂದು ಏಕೆ ಎಣಿಸಬೇಕು?

ನಮ್ಮ ಸೊಲ್ಲಾಪುರದ ಜಯದೇವಿತಾಯಿ ಲಿಗಾಡೆಯವರು ಮರಾಠಿಯಲ್ಲಿ ಓದಿ ಬೆಳೆದವರು. ಕನ್ನಡವನ್ನು ಒಲಿದು ಕಲಿತರು, ಎರಡೂ ಭಾಷೆಗಳಲ್ಲಿ ಬರೆದರು. 1974ರಲ್ಲಿ ಮಂಡ್ಯದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಆ ಪೀಠವೇರಿದ ಮೊದಲ ಮಹಿಳೆ ಅವರೇ. ಒಂದು ಭಾಷೆ ಅವರಿಗೆ ಇನ್ನೊಂದರ ಶತ್ರುವಾಗಲಿಲ್ಲ.

ಪಾಲಕರಲ್ಲಿ ನನ್ನದೊಂದು ವಿನಂತಿ. ದಾಖಲಾ ಕೇಳುವ ಮೊದಲು ಒಂದು ತಿಂಗಳು ದಿನವೂ ಹದಿನೈದು ನಿಮಿಷ ಮಗುವಿನಿಂದ ಕನ್ನಡವನ್ನು ಗಟ್ಟಿಯಾಗಿ ಓದಿಸಿರಿ. ನಿಮಗೆ ಓದಲು ಬಾರದಿದ್ದರೂ ಚಿಂತೆಯಿಲ್ಲ. ಕೇಳಿರಿ, "ಅಂದ್ರ ಏನು?" ಎಂದು ಪ್ರಶ್ನಿಸಿರಿ. ಮಗು ತಿಳಿಸಿ ಹೇಳಿದರೆ ಪಾಠ ಬಂತೆಂದೇ ಅರ್ಥ. ವಿದ್ಯಾರ್ಥಿ ಮಿತ್ರರೇ, ನೀವು ಲೆಕ್ಕ ಬಿಡಿಸುವ ಮೊದಲು ಅದನ್ನು ನಿಮ್ಮ ಮಾತಿನಲ್ಲಿ ಗೆಳೆಯನಿಗೆ ಹೇಳಿರಿ. ದಿನಕ್ಕೆ ಎರಡೇ ಇಂಗ್ಲೀಷ್ ವಾಕ್ಯ ಬರೆಯಿರಿ, ಆದರೆ ಅವು ಗೈಡಿನವಾಗದೆ ನಿಮ್ಮವೇ ಆಗಿರಲಿ. ಶಿಕ್ಷಕರಾದ ನಾವೂ ಉತ್ತರ ಬರೆಸುವುದನ್ನು ಕಡಿಮೆ ಮಾಡಿ ಉತ್ತರ ಕೇಳುವುದನ್ನು ಹೆಚ್ಚಿಸೋಣ. ಭಾಷೆ, ಇಂಗ್ಲೀಷ್, ಗಣಿತ, ಶೀಘ್ರಲಿಪಿ ಹೀಗೆ ತಾಸುಗಳು ನಾಲ್ಕಾದರೂ ಪಾಠ ಒಂದೇ: ಕೇಳಿದ್ದನ್ನು, ಓದಿದ್ದನ್ನು ಅರ್ಥಮಾಡಿಕೊಳ್ಳುವುದು.

ಆ ಪಾಲಕರು ಮಗನ ಮುಖವನ್ನೊಮ್ಮೆ ನೋಡಿ, "ಈ ವರ್ಷ ಇಲ್ಲೇ ಇರಲಿ ಸರ, ನೋಡೂಣು" ಎಂದು ಹೋದರು. ಅವರು ನನಗೆ ಕೊಟ್ಟದ್ದು ಒಂದು ವರ್ಷದ ಅವಧಿ. ಹುಡುಗನ ಜೊತೆಗೆ ನಾನೂ ಈ ವರ್ಷ ಪರೀಕ್ಷೆಗೆ ಕುಳಿತಿದ್ದೇನೆ.