ಬಾಲ್ಕನಿಯ ಕಂಬಿಗಳೂ ಪುಟ್ಟ ನಾಯಿಗಳೂ

ನಾಯಿಗಳ ಕುರಿತು ಈಚಿನ ವರ್ಷಗಳಲ್ಲಿ ನಡೆದ ಸಾರ್ವಜನಿಕ ಚರ್ಚೆಯೆಲ್ಲ ಹೆಚ್ಚುಕಡಿಮೆ ಬೀದಿಗೇ ಸೀಮಿತವಾಗಿದೆ. 2025ರ ಆಗಸ್ಟ್‌ನಲ್ಲಿ ದೆಹಲಿಯ ಬೀದಿನಾಯಿಗಳ ಬಗ್ಗೆ ಸುಪ್ರೀಂ ಕೋರ್ಟ್ ನೀಡಿದ ಆದೇಶ, ಹನ್ನೊಂದೇ ದಿನಗಳಲ್ಲಿ ಬಂದ ಅದರ ಮಾರ್ಪಾಡು, ಅದರ ಸುತ್ತ ಎದ್ದ ಪರ-ವಿರೋಧದ ಧೂಳು ಇನ್ನೂ ಅಡಗಿಲ್ಲ. ಅದಕ್ಕೂ ಮೊದಲು, 2024ರ ಮಾರ್ಚ್‌ನಲ್ಲಿ, ಉಗ್ರ ಸ್ವಭಾವದವೆನ್ನಲಾದ ಇಪ್ಪತ್ತಕ್ಕೂ ಹೆಚ್ಚು ತಳಿಗಳನ್ನು ನಿಷೇಧಿಸುವಂತೆ ಕೇಂದ್ರ ಸರ್ಕಾರ ಸುತ್ತೋಲೆ ಹೊರಡಿಸಿತ್ತು. ಮರುತಿಂಗಳೇ ಕರ್ನಾಟಕ ಹೈಕೋರ್ಟ್ ಅದನ್ನು ರದ್ದುಪಡಿಸಿತು. ಕಚ್ಚುವ ನಾಯಿಯ ಬಗ್ಗೆ ನಮಗೆ ಇಷ್ಟೊಂದು ಕಾಳಜಿ ಇದೆ. ಕಚ್ಚಲಾರದ, ಎತ್ತಿ ಮಡಿಲಲ್ಲಿ ಕೂರಿಸಿಕೊಳ್ಳಬಹುದಾದ, ಮೂರನೆಯ ಮಹಡಿಯ ಬಾಲ್ಕನಿಯಲ್ಲಿ ದಿನವಿಡೀ ಒಂಟಿಯಾಗಿರುವ ನಾಯಿಯ ಬಗ್ಗೆ ಯಾವ ಸುತ್ತೋಲೆಯೂ ಇಲ್ಲ.

ನಾನು ವಾಸವಾಗಿರುವ ಚಿತ್ತವಾಡ್ಗಿ ಹೊಸಪೇಟೆಗೆ ಅಂಟಿಕೊಂಡಿರುವ ಹಳೆಯ ಊರು. ಒಂದು ಕಾಲಕ್ಕೆ ಇದರ ಗುರುತೆಂದರೆ ಸಕ್ಕರೆ ಕಾರ್ಖಾನೆ ಮತ್ತು ಅದರ ಮುಂದೆ ಸರದಿ ಕಾಯುತ್ತಿದ್ದ ಕಬ್ಬಿನ ಗಾಡಿಗಳು. ಕಾರ್ಖಾನೆ ಮುಚ್ಚಿತು. 2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾಗಿ ಹೊಸಪೇಟೆ ಜಿಲ್ಲಾ ಕೇಂದ್ರವಾಯಿತು. ನೌಕರರು ಬಂದರು, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಓಡಾಡುವವರು ಮೊದಲೇ ಬಂದಿದ್ದರು, ಅಪಾರ್ಟ್‌ಮೆಂಟುಗಳು ಎದ್ದವು. ಹಳೆಯ ಮನೆಗಳಲ್ಲಿ ಕಟ್ಟೆ, ಅಂಗಳ, ಹಿತ್ತಲುಗಳಿದ್ದವು. ನಾಯಿಯ ಜಾಗ ಯಾವುದೆಂಬುದು ಯಾರಿಗೂ ಪ್ರಶ್ನೆಯೇ ಆಗಿರಲಿಲ್ಲ. ಫ್ಲಾಟಿನಲ್ಲಿ ಅಂಗಳದ ಕೆಲಸವನ್ನೂ ಕಟ್ಟೆಯ ಕೆಲಸವನ್ನೂ ಆರು ಅಡಿ ಅಗಲದ ಬಾಲ್ಕನಿಯೇ ನಿರ್ವಹಿಸಬೇಕಾಗಿದೆ. ಬಟ್ಟೆ ಒಣಗುವುದು ಅಲ್ಲಿ, ತುಳಸಿ ಕುಂಡ ಅಲ್ಲಿ, ಹಳೆಯ ಕುರ್ಚಿ ಅಲ್ಲಿ, ನಾಯಿಯೂ ಅಲ್ಲಿಯೇ.

ಸಣ್ಣ ತಳಿಯ ನಾಯಿಗಳು ನಮ್ಮ ಊರುಗಳಿಗೆ ಬಂದ ಬಗೆಯನ್ನು ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನಾನು ಆಸಕ್ತಿಯಿಂದ ಗಮನಿಸಿದ್ದೇನೆ. 2003ರಲ್ಲಿ ಹಚ್ ಎಂಬ ದೂರವಾಣಿ ಕಂಪನಿಯ ಜಾಹೀರಾತಿನಲ್ಲಿ ಒಬ್ಬ ಹುಡುಗನ ಹಿಂದೆ ಹೆಜ್ಜೆ ಬಿಡದೆ ನಡೆದ ಪಗ್ ನಾಯಿ ದೇಶದಲ್ಲೆಲ್ಲ ಬೇಡಿಕೆಯನ್ನು ಸೃಷ್ಟಿಸಿತು. ಕಂಪನಿಯ ಹೆಸರು ಬದಲಾಯಿತು, ಪಗ್‌ಗಳು ಉಳಿದವು. ಅವುಗಳ ಹಿಂದೆ ಶಿಟ್ಜು ಬಂತು. ನಾವು ಪಾಮ್ ಎಂದು ಕರೆಯುವ ಬಿಳಿಯ ನಾಯಿ ಮೊದಲೇ ಇತ್ತು. ಅದು ಬಹುಪಾಲು ಇಂಡಿಯನ್ ಸ್ಪಿಟ್ಜ್ ಎನ್ನುವುದು ಬೇರೆ ಮಾತು. ಇಂದು ಜಿಲ್ಲಾ ಕೇಂದ್ರಗಳಲ್ಲಿ ಇವುಗಳನ್ನು ಕೊಳ್ಳುವವರಲ್ಲಿ ಒಂದು ವಿಶಿಷ್ಟ ವರ್ಗವಿದೆ. ಬೆಂಗಳೂರಿನಲ್ಲೋ ಅಮೆರಿಕದಲ್ಲೋ ನೆಲೆಸಿದ ಮಕ್ಕಳು, ಇಲ್ಲಿ ಒಂಟಿಯಾಗಿರುವ ತಂದೆ-ತಾಯಿಗೆ ಜೊತೆಯಾಗಲೆಂದು ಒಂದು ಮರಿಯನ್ನು ತಂದುಕೊಟ್ಟು ಹೋಗುತ್ತಾರೆ. ಅದು ಕೇವಲ ಶೋಕಿಯ ವಸ್ತುವಲ್ಲ. ಎಷ್ಟೋ ಮನೆಗಳಲ್ಲಿ ದಿನವಿಡೀ ಮಾತನಾಡಿಸಲು ಇರುವ ಏಕೈಕ ಜೀವ.

ಕಳೆದ ಬೇಸಿಗೆಯಲ್ಲಿ ನಮ್ಮ ಬಡಾವಣೆಯ ಒಂದು ಕಟ್ಟಡದ ಮೂರನೆಯ ಮಹಡಿಯಿಂದ ಅಂಥದೊಂದು ಶಿಟ್ಜು ಬಿದ್ದಿತು. ಹಂಪಿಗೆ ಇಷ್ಟು ಹತ್ತಿರವಿರುವ ನಮಗೆ ಮಂಗಗಳ ಬಗ್ಗೆ ಹೇಳಬೇಕಿಲ್ಲ. ರೇಲಿಂಗಿನ ಮೇಲೆ ಸಾಗುತ್ತಿದ್ದ ಮಂಗವನ್ನು ಕಂಡು ಬೊಗಳುತ್ತ ಧಾವಿಸಿದ ನಾಯಿ ಕಂಬಿಗಳ ಸಂದಿಯಿಂದ ಹೊರಕ್ಕೆ ಜಾರಿತು. ಕೆಳಗೆ ಬಿದ್ದದ್ದು ಎದ್ದು ನಿಂತಿತು, ನಾಲ್ಕು ಹೆಜ್ಜೆ ನಡೆಯಿತು. ನೆರೆದವರೆಲ್ಲ, ‘ಏನೂ ಆಗಿಲ್ಲ ಬಿಡ್ರಿ ಅಮ್ಮಾ, ದೇವರು ದೊಡ್ಡವನು’ ಎಂದರು. ನಿವೃತ್ತ ಶಿಕ್ಷಕಿಯಾದ ಅದರ ಒಡತಿ ಹಾಲು ಕುಡಿಸಿ ಮಲಗಿಸಿದರು. ಸಂಜೆಯ ಹೊತ್ತಿಗೆ ಅದರ ವಸಡು ಬೆಳ್ಳಗಾಗಿ, ಉಸಿರು ಮೇಲೆಮೇಲಕ್ಕೆ ಬಂದು, ಪ್ರಾಣ ಹೋಯಿತು. ಒಳಗಿನ ರಕ್ತಸ್ರಾವ ಹೊರಗೆ ಕಾಣುವುದಿಲ್ಲವೆಂಬುದನ್ನು ಅಲ್ಲಿದ್ದ ಯಾರೂ ಅರಿತಿರಲಿಲ್ಲ.

ಅನಂತರ ನಡೆದುದು ನನ್ನನ್ನು ಈ ಲೇಖನಕ್ಕೆ ಪ್ರೇರೇಪಿಸಿತು. ಆ ಶಿಕ್ಷಕಿ ಹಿಂದೆಯೇ ಬಾಲ್ಕನಿಗೆ ಬಲೆ ಹಾಕಿಸಲು ಅನುಮತಿ ಕೇಳಿದ್ದರು. ಕಟ್ಟಡದ ಮುಂಭಾಗದ ಅಂದ ಕೆಡುತ್ತದೆಂದು ನಿವಾಸಿಗಳ ಸಂಘ ಒಪ್ಪಿರಲಿಲ್ಲ. ನಾಯಿ ಸತ್ತ ಮೇಲೆ ಅದೇ ಸಂಘ, ಇನ್ನು ಮುಂದೆ ಕಟ್ಟಡದಲ್ಲಿ ನಾಯಿ ಸಾಕುವಂತಿಲ್ಲವೆಂದು ಫಲಕದಲ್ಲಿ ನೋಟಿಸು ಅಂಟಿಸಿತು. ಅಪಾಯದ ಕಾರಣವನ್ನು ಹಾಗೆಯೇ ಉಳಿಸಿಕೊಂಡು ಅಪಾಯಕ್ಕೆ ಗುರಿಯಾಗುವವರನ್ನು ಹೊರಹಾಕುವ ಈ ಕ್ರಮವನ್ನು ಸರ್ಕಾರಿ ಕಚೇರಿಗಳಲ್ಲಿ ಮೂರು ದಶಕಗಳ ಕಾಲ ನಾನು ಕಂಡಿದ್ದೇನೆ. ಖಾಸಗಿ ಸಂಘಗಳೂ ಅದನ್ನು ಇಷ್ಟು ಬೇಗ ಕಲಿತಿರುವುದು ಸೋಜಿಗ.

ಕಾನೂನಿನ ದೃಷ್ಟಿಯಿಂದಲೂ ಆ ನೋಟಿಸು ನಿಲ್ಲುವಂಥದಲ್ಲ. ಸಾಕುನಾಯಿಗಳನ್ನು ನಿವಾಸಿಗಳ ಸಂಘಗಳು ನಿಷೇಧಿಸಲಾಗದು ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರ ಮಾರ್ಗಸೂಚಿಯಲ್ಲಿ ಸ್ಪಷ್ಟಪಡಿಸಿದೆ. ಅಂದಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ 2018ರಲ್ಲಿ ಫ್ಲಾಟಿಗೆ ಒಂದೇ ನಾಯಿ ಎಂಬ ಉಪವಿಧಿಯನ್ನು ತರಲು ಹೊರಟು, ತೀವ್ರ ವಿರೋಧದಿಂದಾಗಿ ಅದನ್ನು ತಡೆಹಿಡಿಯಬೇಕಾಯಿತು. ಆ ಉಪವಿಧಿಯ ಚರ್ಚೆಯಲ್ಲಿ ನಾಯಿಗಳ ಸಂಖ್ಯೆ ಬಂತು, ತಳಿಗಳ ಪಟ್ಟಿ ಬಂತು; ಬಾಲ್ಕನಿಯ ಕಂಬಿಗಳ ಅಂತರ ಬರಲಿಲ್ಲ.

ಹಾಗೆಂದು ಮಾಲೀಕರಿಗೆ ಹೊಣೆಯಿಲ್ಲವೆಂದಲ್ಲ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್, ನಾಯಿಯನ್ನು ಅತಿ ಗಿಡ್ಡ ಸರಪಳಿಯಲ್ಲಿ ಬಹಳ ಹೊತ್ತು ಕಟ್ಟಿಹಾಕುವುದನ್ನೂ, ಸದಾ ಕೂಡಿಹಾಕಿದ ನಾಯಿಗೆ ಓಡಾಟ ಒದಗಿಸದಿರುವುದನ್ನೂ, ಸಾಕಷ್ಟು ನೀರು, ಆಹಾರ, ಆಶ್ರಯ ಕೊಡದಿರುವುದನ್ನೂ ಅಪರಾಧವೆನ್ನುತ್ತದೆ. ಬೆಳಿಗ್ಗೆ ಒಂಬತ್ತಕ್ಕೆ ನಾಯಿಯನ್ನು ಬಾಲ್ಕನಿಗೆ ದೂಡಿ ಬಾಗಿಲು ಹಾಕಿ, ಸಂಜೆ ಆರಕ್ಕೆ ಬಂದು ತೆಗೆಯುವವರು ಇದನ್ನು ಓದಬೇಕು. ಆದರೆ ಶಿಕ್ಷೆ? ಮೊದಲ ಅಪರಾಧಕ್ಕೆ 10 ರೂಪಾಯಿಗೆ ಕಡಿಮೆಯಿಲ್ಲದ, 50 ರೂಪಾಯಿ ಮೀರದ ದಂಡ. ಕಾಯ್ದೆ ಬಂದ ಕಾಲಕ್ಕೆ ಇದು ನಗೆಪಾಟಲಾಗಿರಲಿಲ್ಲ. 1959ರಲ್ಲಿ ವರದಿ ನೀಡಿದ ಎರಡನೇ ಕೇಂದ್ರ ವೇತನ ಆಯೋಗ ಶಿಫಾರಸು ಮಾಡಿದ ಕನಿಷ್ಠ ವೇತನ ತಿಂಗಳಿಗೆ 80 ರೂಪಾಯಿ. ಅದರ ಅರ್ಧಕ್ಕೂ ಹೆಚ್ಚು ದಂಡವಾಗಿ ಹೋಗುತ್ತಿತ್ತು. 2016ರಿಂದ ಜಾರಿಗೆ ಬಂದ ಏಳನೇ ಆಯೋಗದ ಕನಿಷ್ಠ ವೇತನ 18,000 ರೂಪಾಯಿ. ಅದೇ ಪ್ರಮಾಣದಲ್ಲಿ ಲೆಕ್ಕ ಹಾಕಿದರೆ ಗರಿಷ್ಠ ದಂಡ 11,000 ರೂಪಾಯಿ ಮೀರಬೇಕಿತ್ತು. 2016ರ ಜುಲೈಯಲ್ಲಿ ಚೆನ್ನೈನಲ್ಲಿ ಇಬ್ಬರು ವೈದ್ಯಕೀಯ ವಿದ್ಯಾರ್ಥಿಗಳಲ್ಲಿ ಒಬ್ಬ ನಾಯಿಯನ್ನು ತಾರಸಿಯಿಂದ ಎಸೆದು ಇನ್ನೊಬ್ಬ ಅದನ್ನು ಚಿತ್ರೀಕರಿಸಿದಾಗ ದೇಶವೆಲ್ಲ ಸಿಟ್ಟಾಯಿತು. ಅವರಿಗೆ ಬಲುಬೇಗ ಜಾಮೀನು ಸಿಕ್ಕಿತು. 50 ರೂಪಾಯಿಯ ದಂಡ ಆಗ ಎಲ್ಲರ ಬಾಯಲ್ಲೂ ಇತ್ತು. ಕಾಯ್ದೆಯಲ್ಲಿ ಅದು ಇಂದಿಗೂ ಹಾಗೆಯೇ ಇದೆ.

ಬೀಳುವಿಕೆಯ ಕುರಿತು ಒಂದಿಷ್ಟು ಅಧ್ಯಯನವೂ ನಡೆದಿದೆ. ನ್ಯೂಯಾರ್ಕಿನ ಒಂದು ಪಶು ಆಸ್ಪತ್ರೆಯಲ್ಲಿ 1984ರಲ್ಲಿ ಐದು ತಿಂಗಳ ಅವಧಿಯಲ್ಲಿ ಕಟ್ಟಡಗಳಿಂದ ಬಿದ್ದ 132 ಬೆಕ್ಕುಗಳು ಬಂದವು. ಅವುಗಳಲ್ಲಿ ಶೇಕಡ 90ರಷ್ಟು ಬದುಕಿದವೆಂಬ ವರದಿ 1987ರಲ್ಲಿ ಪ್ರಕಟವಾಗಿ ಪ್ರಸಿದ್ಧವಾಯಿತು. 1985ರಿಂದ 1991ರವರೆಗೆ ಹೀಗೆ ಬಿದ್ದ 81 ನಾಯಿಗಳ ಕುರಿತ ವರದಿ 1993ರಲ್ಲಿ ಬಂತು. ಇಂಥ ಅಂಕಿಗಳನ್ನು ಓದಿ, ಪ್ರಾಣಿಗಳು ಹೇಗೋ ಬದುಕಿಕೊಳ್ಳುತ್ತವೆ ಎಂದು ಸಮಾಧಾನಪಡುವವರಿದ್ದಾರೆ. ಸ್ಥಳದಲ್ಲೇ ಸತ್ತ ಪ್ರಾಣಿಯನ್ನು ಯಾರೂ ಆಸ್ಪತ್ರೆಗೆ ಒಯ್ಯುವುದಿಲ್ಲ. ಆದ್ದರಿಂದ ಆಸ್ಪತ್ರೆಯ ಲೆಕ್ಕ ಬದುಕಿ ಬಂದವುಗಳ ಲೆಕ್ಕ. ಮೇಲಾಗಿ ಬೆಕ್ಕು ಗಾಳಿಯಲ್ಲಿ ಮೈ ತಿರುಗಿಸಿ ಕಾಲೂರಬಲ್ಲುದು. ನಾಯಿಗೆ ಆ ವಿದ್ಯೆ ಬಾರದು.

ಈಗ ಕಂಬಿಗಳ ವಿಷಯ. ನಮ್ಮ ಕಟ್ಟಡ ಸಂಹಿತೆ ಬಾಲ್ಕನಿಯ ತಡೆಗೋಡೆ ಕನಿಷ್ಠ 1 ಮೀಟರ್ ಎತ್ತರವಿರಬೇಕೆನ್ನುತ್ತದೆ. ಇದು ನಿಂತಿರುವ ವಯಸ್ಕ ಮನುಷ್ಯ ಮೇಲಿನಿಂದ ಉರುಳದಿರಲೆಂದು. ಸಣ್ಣ ನಾಯಿ ಮೇಲಿನಿಂದ ಬೀಳುವುದು ಅಪರೂಪ; ಅದು ಜಾರುವುದು ನಡುವಿನಿಂದ ಅಥವಾ ಅಡಿಯಿಂದ. ಇಂಗ್ಲೆಂಡಿನಲ್ಲಿ ಚಿಕ್ಕ ಮಕ್ಕಳಿರಬಹುದಾದ ಕಟ್ಟಡಗಳ ರೇಲಿಂಗಿನ ಸಂದಿಯಲ್ಲಿ 100 ಮಿಲಿಮೀಟರ್ ವ್ಯಾಸದ ಗೋಲ ಹಾಯಬಾರದೆಂಬ ನಿಯಮವಿದೆ. ಅಮೆರಿಕದ ಸಂಹಿತೆಯಲ್ಲಿಯೂ ಅದು ಸುಮಾರಾಗಿ ಅಷ್ಟೇ, 4 ಇಂಚು. ನಮ್ಮ ಬಾಲ್ಕನಿಯ ಸಂದಿಗಳನ್ನು ನಾನು ಟೇಪು ಹಿಡಿದು ಅಳೆದೆ. 5 ಇಂಚಿಗೂ ಮಿಕ್ಕಿದ್ದವು. ಪಾಮ್, ಶಿಟ್ಜುಗಳ ಗಾತ್ರದಲ್ಲಿ ಬಹುಪಾಲು ಕೂದಲೇ. ಸ್ನಾನ ಮಾಡಿಸಿದಾಗ ನೋಡಿದವರಿಗೆ ಗೊತ್ತು, ಒಳಗಿರುವ ದೇಹ ಎಷ್ಟು ಕೃಶವೆಂದು. ತಲೆ ತೂರುವ ಕಡೆ ದೇಹವೂ ತೂರೀತೆಂದೇ ತಿಳಿಯಬೇಕು. ಅಂಬೆಗಾಲಿಡುವ ಮಗುವಿನ ಅಪಾಯವೂ ಅದೇ ಸಂದಿಯಲ್ಲಿದೆ. ನಾಯಿಯ ಹೆಸರಿನಲ್ಲಿ ಕೇಳಿದರೆ ನಗುವ ಸಂಘಗಳು ಮೊಮ್ಮಕ್ಕಳ ಹೆಸರಿನಲ್ಲಾದರೂ ಕೇಳಿಸಿಕೊಳ್ಳಬೇಕು.

ಅಡ್ಡ ಕಂಬಿಗಳ ರೇಲಿಂಗು ಇನ್ನೂ ಕೆಟ್ಟದ್ದು, ಅದೊಂದು ಏಣಿ. ಗಾಜಿನ ರೇಲಿಂಗಿನಲ್ಲಿ ನೆಲಕ್ಕೂ ಗಾಜಿಗೂ ನಡುವೆ ನೀರು ಹರಿಯಲೆಂದು ಬಿಟ್ಟ ಸಂದಿಯನ್ನು ನೋಡಬೇಕು. ಕುಂಡ, ಕುರ್ಚಿ, ಏಸಿಯ ಹೊರಪೆಟ್ಟಿಗೆ ಇವು ಗೋಡೆಗೆ ತಾಗಿದ್ದರೆ ನಾಯಿಗೆ ಮೆಟ್ಟಿಲಾಗುತ್ತವೆ. ಪಾರಿವಾಳಕ್ಕೆಂದು ಹಾಕುವ ನೈಲಾನ್ ಬಲೆಯ ಮೇಲೆ ಪೂರ್ಣ ಭರವಸೆ ಇಡುವಂತಿಲ್ಲ. ಬಳ್ಳಾರಿ ಸೀಮೆಯ ಬಿಸಿಲಿಗೆ ಅದು ಲಡ್ಡಾಗುತ್ತದೆ, ನಾಯಿ ಕಚ್ಚಿದರೆ ಹರಿಯುತ್ತದೆ. ನೆಲದಿಂದ ಮೂರು ಅಡಿಯವರೆಗೆ ಸಣ್ಣ ಕಣ್ಣಿನ ಉಕ್ಕಿನ ಜಾಲರಿ, ಅದರ ಮೇಲೆ ಬೇಕಿದ್ದರೆ ಬಲೆ, ಎಂಬ ವ್ಯವಸ್ಥೆ ಉತ್ತಮ. ಇದರ ಖರ್ಚು ಮರಿಯನ್ನು ಕೊಂಡ ಬೆಲೆಯ ಒಂದು ಪಾಲೂ ಆಗಲಾರದು. ಹಗ್ಗ ಕಟ್ಟಿ ರೇಲಿಂಗಿಗೆ ಬಿಗಿದರೆ ಸಾಕೆನ್ನುವವರಿದ್ದಾರೆ. ಕೊರಳಪಟ್ಟಿಯ ಸಮೇತ ಹೊರಗೆ ಜಾರಿದ ನಾಯಿ ನೇಣಿಗೆ ಬಿದ್ದಂತೆಯೇ.

ಬೀಳುವುದೊಂದೇ ಅಪಾಯವಲ್ಲ. ನಾಯಿಯ ಸಹಜ ಮೈಶಾಖ ಸುಮಾರು 38ರಿಂದ 39 ಡಿಗ್ರಿ ಸೆಲ್ಸಿಯಸ್. 41 ದಾಟಿದರೆ ಪ್ರಾಣಾಪಾಯ. ನಮ್ಮಂತೆ ಮೈಯೆಲ್ಲ ಬೆವರದ ಅದು ತೇಗಿ ತೇಗಿಯೇ ಶಾಖವನ್ನು ಹೊರಹಾಕಬೇಕು. ಚಪ್ಪಟೆ ಮೂತಿಯ ಪಗ್, ಶಿಟ್ಜುಗಳಿಗೆ ಅದೂ ಕಷ್ಟ. ಹೊಸಪೇಟೆಯ ಏಪ್ರಿಲ್ ತಿಂಗಳಲ್ಲಿ ಪಶ್ಚಿಮಕ್ಕೆ ಮುಖ ಮಾಡಿದ ಬಾಲ್ಕನಿಯ ಟೈಲ್ಸಿನ ಮೇಲೆ ಮಧ್ಯಾಹ್ನ ಮೂರು ಗಂಟೆಗೆ ಬರಿಗಾಲಿನಲ್ಲಿ ನಿಂತು ನೋಡಿದರೆ ಉಳಿದದ್ದನ್ನು ವಿವರಿಸಬೇಕಿಲ್ಲ. ದೀಪಾವಳಿಯ ರಾತ್ರಿಗಳಲ್ಲಿ, ಗಣೇಶ ವಿಸರ್ಜನೆಯ ದಿನ ಡೋಲು-ಪಟಾಕಿಗಳು ಹಾಯುವಾಗ, ಬಾಲ್ಕನಿಯ ಬಾಗಿಲು ಮುಚ್ಚಿ ನಾಯಿಯನ್ನು ಒಳಕೋಣೆಯಲ್ಲಿ ಇರಿಸಿಕೊಳ್ಳಬೇಕು. ಹೆದರಿದ ಪ್ರಾಣಿಗೆ ಎತ್ತರದ ಲೆಕ್ಕವಿರುವುದಿಲ್ಲ.

ಬಿದ್ದೇ ಬಿಟ್ಟರೆ, ಎದ್ದು ನಡೆದರೂ ಸರಿ, ಪಶುವೈದ್ಯರ ಬಳಿಗೆ ಒಯ್ಯಬೇಕು. ಎತ್ತಿ ಎದೆಗಪ್ಪಿಕೊಳ್ಳದೆ, ಹಲಗೆ ಅಥವಾ ಬಿಗಿಯಾಗಿ ಹಿಡಿದ ಕಂಬಳಿಯ ಮೇಲೆ ಸಾಗಿಸಬೇಕು, ಬೆನ್ನುಮೂಳೆಗೆ ಪೆಟ್ಟಾಗಿರಬಹುದು. ನೋವಿನಲ್ಲಿ ಸಾಧುನಾಯಿಯೂ ಕಚ್ಚುತ್ತದೆ. ಹಾಲು, ನೀರು, ಮನುಷ್ಯರ ನೋವಿನ ಮಾತ್ರೆ ಯಾವುದನ್ನೂ ಕೊಡಬಾರದು.

ಕನ್ನಡನಾಡಿನಲ್ಲಿ ನಾಯಿಯ ಸಾವಿಗೆ ಕಲ್ಲು ನೆಟ್ಟ ಇತಿಹಾಸವಿದೆ. ಹತ್ತನೆಯ ಶತಮಾನದ ಆತಕೂರಿನ ಶಾಸನ, ಹಂದಿಯೊಡನೆ ಹೋರಾಡಿ ಮಡಿದ ಕಾಳಿ ಎಂಬ ನಾಯಿಯ ನೆನಪನ್ನು ಉಳಿಸಿದೆ. ನಮ್ಮ ಜಿಲ್ಲೆಯ ಮೈಲಾರದಲ್ಲಿ ಗೊರವರು ದೇವರ ನಾಯಿಗಳಂತೆ ದೋಣಿಯ ಪ್ರಸಾದಕ್ಕೆ ಬಾಯಿಡುತ್ತಾರೆ. ಅಷ್ಟು ದೂರ ಹೋಗುವುದು ಬೇಡ. ಹೊಸಪೇಟೆ ನಗರಸಭೆಯೂ ನಗರಾಭಿವೃದ್ಧಿ ಪ್ರಾಧಿಕಾರವೂ ನಕ್ಷೆಗೆ ಒಪ್ಪಿಗೆ ಕೊಡುವಾಗ ಮತ್ತು ಕಟ್ಟಡ ಪೂರ್ಣಗೊಂಡಾಗ ಕಂಬಿಗಳ ಸಂದಿಯನ್ನು ಒಮ್ಮೆ ಅಳೆಯಲಿ. 100 ಮಿಲಿಮೀಟರ್ ಮೀರಿದ್ದರೆ ತಿದ್ದಿಸಲಿ. ಬಿಲ್ಡರ್‌ಗೆ ಆ ಹಂತದಲ್ಲಿ ತಗಲುವುದು ಕೆಲವೇ ಕಂಬಿಗಳ ಹೆಚ್ಚುವರಿ ಖರ್ಚು. ಅನಂತರ ಅದೇ ಕೆಲಸವನ್ನು ನೂರು ಮನೆಯವರು ನೂರು ಬಗೆಯಲ್ಲಿ ಮಾಡಿಸಬೇಕಾಗುತ್ತದೆ. ಈಗಾಗಲೇ ನಿಂತಿರುವ ಕಟ್ಟಡಗಳಲ್ಲಿ ಸಂಘಗಳು ಜಾಲರಿಯ ಬಣ್ಣ, ಕಣ್ಣಿನ ಅಳತೆ, ಎತ್ತರಗಳನ್ನು ನಿಗದಿಪಡಿಸಿ ಎಲ್ಲರಿಗೂ ಒಂದೇ ಸಲ ಅನುಮತಿ ಕೊಟ್ಟರೆ ಮುಂಭಾಗದ ಅಂದವೂ ಕೆಡದು.

ನಮ್ಮ ಕಟ್ಟಡದ ಸಂಘದಲ್ಲಿ ಈ ಪ್ರಸ್ತಾಪವನ್ನು ನಾನೇ ಬರೆದು ಮಂಡಿಸಿದೆ. ಎರಡು ಸಭೆಗಳು ಬಣ್ಣದ ಚರ್ಚೆಯಲ್ಲೇ ಕಳೆದವು. ಮೂರನೆಯದರಲ್ಲಿ ಬೂದು ಬಣ್ಣಕ್ಕೆ ಒಪ್ಪಿಗೆಯಾಯಿತು. ಇಬ್ಬರು ಸದಸ್ಯರು ಲಿಖಿತ ಆಕ್ಷೇಪ ಸಲ್ಲಿಸಿದ್ದಾರೆ. ಅದರ ವಿಚಾರಣೆ ಮುಂದಿನ ತಿಂಗಳು.